ಬೆಲೆಗಿಂತ ಸಾಲ ಜಾಸ್ತಿ ಇರುವ ಮನೆ: ಕೊಳ್ಳಲು ಯಾಕಿಷ್ಟು ತಡ?

ಮನೆ ಮತ್ತು ಸಾಲ – ಓದುಗರ ಪ್ರಶ್ನೆಗಳಿಗೆ ಕೊಡಗಿನ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ವಿಷಯದ ಸುತ್ತ ಇವೆ. ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇನೆ. ಆ ಮನೆಯವರು ಇನ್ನು ಕೆಲವೇ ದಿನಗಳಲ್ಲಿ ದೊಡ್ಡ ಮೊತ್ತ ಕೈಬಿಡುವ ಹಾಗಿದ್ದಾರೆ. ಅದು ನನಗೆ ನಿಜಕ್ಕೂ ಆತಂಕ ತಂದಿದೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ. ಯಜಮಾನರಿಗೆ ಸಣ್ಣ ಅಂಗಡಿ ಇದೆ. ಮಡಿಕೇರಿಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಹೋದ ಪುತ್ತರಿ (ನವೆಂಬರ್-ಡಿಸೆಂಬರ್ ಹೊತ್ತಿನ ಸುಗ್ಗಿ ಹಬ್ಬ) ಕಳೆದ ಮೇಲೆ ಊರಿನ ಅಂಚಿನ ಇಳಿಜಾರಿನಲ್ಲಿ ಒಂದು ಮನೆ ನೋಡಿ 27 ಲಕ್ಷಕ್ಕೆ ಮಾತಾಯಿತು. 2 ಲಕ್ಷ ಮುಂಗಡ ಕೊಟ್ಟು ನೋಟರಿ ಹತ್ತಿರ ಕರಾರು ಮಾಡಿಸಿದೆವು. ಆಮೇಲೆ ಗೊತ್ತಾಯಿತು, ಮನೆ ಮೇಲೆ ಬ್ಯಾಂಕ್ ಸಾಲವೇ 34 ಲಕ್ಷ ಇದೆ ಅಂತ. 2018ರ ಭೂಕುಸಿತಕ್ಕೆ ಮೊದಲು ಜಾಸ್ತಿ ಬೆಲೆಗೆ ಕೊಂಡಿದ್ದರಂತೆ. ಹೋಮ್‌ಸ್ಟೇ ಮಾಡಲು ಮೇಲೆ ಎರಡು ರೂಮು ಕಟ್ಟಿದಾಗ ಟಾಪ್‌ಅಪ್ ಸಾಲವನ್ನೂ ತೆಗೆದಿದ್ದರಂತೆ. ‘ಬ್ಯಾಂಕಿನವರ ಹತ್ತಿರ ಮಾತಾಡಿದ್ದೇನೆ, ಒಪ್ಪುತ್ತಾರೆ’ ಎಂದು ಮಾರುವವರು ಹೇಳುತ್ತಲೇ ಇದ್ದಾರೆ. ಈಗ ಕಕ್ಕಡವೂ (ಜುಲೈ-ಆಗಸ್ಟ್‌ನ ಮಳೆ ತಿಂಗಳು) ಬಂತು. ಬಾಡಿಗೆ ಮನೆಯವರು ಖಾಲಿ ಮಾಡಿ ಅನ್ನುತ್ತಿದ್ದಾರೆ. ಮಾರುವವರು, ‘ಇನ್ನೊಂದು 5 ಲಕ್ಷ ಕೊಟ್ಟು ಬಂದು ಇರಿ, ರಿಜಿಸ್ಟ್ರೇಶನ್ ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಮಾಡೋಣ’ ಅನ್ನುತ್ತಾರೆ. ಇಷ್ಟು ತಡ ಯಾಕೆ? ನಾವು ಹೋಗಿ ಇರಬಹುದಾ?
– ಹೆಸರು ಬೇಡ, ಮಡಿಕೇರಿ

ಉತ್ತರ: ಆ 5 ಲಕ್ಷ ಕೊಡಬೇಡಿ. ಆ ಮನೆಗೆ ಹೋಗಿ ಇರಲೂಬೇಡಿ. ಇದಿಷ್ಟು ಮೊದಲು ಮನಸ್ಸಿಗೆ ತೆಗೆದುಕೊಂಡು ಮುಂದೆ ಓದಿ.

ಲೆಕ್ಕ ನೋಡಿ. ನೀವು ಕೊಡುವುದು 27 ಲಕ್ಷ. ಸಾಲ 34 ಲಕ್ಷ. ನಿಮ್ಮ ಹಣ ಪೂರ್ತಿ ಬ್ಯಾಂಕಿಗೆ ಹೋದರೂ 7 ಲಕ್ಷ ಉಳಿಯುತ್ತದೆ. ಆ 7 ಲಕ್ಷ ಬರುವ ತನಕ, ಇಲ್ಲವೇ ‘ಅದನ್ನು ಬಿಟ್ಟು ಪತ್ರ ಕೊಡುತ್ತೇವೆ’ ಎಂದು ಬ್ಯಾಂಕು ಬರವಣಿಗೆಯಲ್ಲಿ ಹೇಳುವ ತನಕ, ಮನೆಪತ್ರ ಬ್ಯಾಂಕಿನ ಬೀರುವಿನಿಂದ ಹೊರಗೆ ಬರುವುದಿಲ್ಲ. ಹಾಗಾಗಿ ಮಾರುವವರಿಗೆ ನೀವು ಕೇಳಬೇಕಾದದ್ದು ‘ಯಾವಾಗ’ ಅಂತ ಅಲ್ಲ. ‘ಆ 7 ಲಕ್ಷ ಯಾರು ತುಂಬುತ್ತಾರೆ’ ಅಂತ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ತಿಂಗಳಲ್ಲಿ ಅವರು ಇದಕ್ಕೆ ಉತ್ತರ ಕೊಟ್ಟ ಹಾಗೆ ಎಲ್ಲೂ ಕಾಣಲಿಲ್ಲ. ಕೆಲಸ ತಡವಾಗುವುದು ಬೇರೆ, ಕೆಲಸ ಶುರುವೇ ಆಗದಿರುವುದು ಬೇರೆ. ನಿಮ್ಮದು ಎರಡನೆಯದು ಅಂತ ನನಗೆ ಅನಿಸುತ್ತದೆ.

‘ಮಾತಾಡಿದ್ದೇನೆ’ ಅನ್ನುವ ಮಾತನ್ನು ನಾನು ಸಾಲದ ಮೇಜಿನ ಈ ಕಡೆ ಕೂತು ವರ್ಷಗಟ್ಟಲೆ ಕೇಳಿದ್ದೇನೆ. ಸಾಲಗಾರರು ಬರುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ. ಮ್ಯಾನೇಜರ್ ‘ನೋಡೋಣ, ಒಂದು ಅರ್ಜಿ ಕೊಡಿ’ ಅನ್ನುತ್ತಾರೆ. ಅವರು ಅದನ್ನು ಒಪ್ಪಿಗೆ ಅಂದುಕೊಂಡು ಮನೆಗೆ ಹೋಗುತ್ತಾರೆ. ಅರ್ಜಿ ಬರುವುದೇ ಇಲ್ಲ. ಮಾರುವವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನಷ್ಟದಲ್ಲಿ ಮನೆ ಮಾರುವವರಿಗೆ ಆ ಅಂಕಿಯನ್ನು ಕಾಗದದ ಮೇಲೆ ಬರೆಯಲು ಕೈ ಏಳುವುದಿಲ್ಲ. ಅದು ನನಗೆ ಅರ್ಥವಾಗುತ್ತದೆ. ಆದರೆ ಅರ್ಜಿ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಫೈಲೇ ಇಲ್ಲ.

ಅರ್ಜಿ ಕೊಟ್ಟರೂ ಯಾಕೆ ತಿಂಗಳುಗಟ್ಟಲೆ ಆಗುತ್ತದೆ? ಬ್ಯಾಂಕು ತನಗೆ ಬರಬೇಕಾದದ್ದರಲ್ಲಿ ಒಂದು ಭಾಗ ಬಿಟ್ಟು ಸಾಲ ಮುಗಿಸುವುದಕ್ಕೆ ರಾಜಿ ಇತ್ಯರ್ಥ ಅನ್ನುತ್ತಾರೆ. ಜನರ ಬಾಯಲ್ಲಿ ಅದು ಓಟಿಎಸ್, ಅಂದರೆ ಒನ್ ಟೈಮ್ ಸೆಟ್ಲ್‌ಮೆಂಟ್. 2023ರ ಜೂನ್ 8ರಂದು ರಿಸರ್ವ್ ಬ್ಯಾಂಕ್ ಇದಕ್ಕೆ ಒಂದು ಚೌಕಟ್ಟು ಹಾಕಿತು. ಅದರ ಪ್ರಕಾರ ಸಾಲ ಮಂಜೂರು ಮಾಡುವ ಅಧಿಕಾರ ಇದ್ದವರಿಗಿಂತ ಕನಿಷ್ಠ ಒಂದು ಹಂತ ಮೇಲಿನವರೇ ರಾಜಿಗೆ ಒಪ್ಪಿಗೆ ಕೊಡಬೇಕು. ಸಾಲ ಮಂಜೂರು ಮಾಡಿದ ಅಧಿಕಾರಿ ತಾನೇ ಅದನ್ನು ಬಿಟ್ಟುಕೊಡುವಂತಿಲ್ಲ. ಇದು ಒಳ್ಳೆಯ ನಿಯಮ. ಆದರೆ ಇದರಿಂದಾಗಿ ನಿಮ್ಮ ಫೈಲು ಮಡಿಕೇರಿಯ ಶಾಖೆಯಲ್ಲಿ ಮುಗಿಯುವುದಿಲ್ಲ. ಮೇಲಿನ ಕಚೇರಿಗೆ ಹೋಗುತ್ತದೆ. ಅಲ್ಲಿರುವವರು ಆ ಮನೆಯನ್ನು ನೋಡಿಲ್ಲ, ಆ ರಸ್ತೆಯನ್ನೂ ನೋಡಿಲ್ಲ. ಅವರ ಮುಂದಿರುವುದು ಮೌಲ್ಯಮಾಪಕರ ವರದಿ ಮಾತ್ರ. ‘ವರದಿ ಹಳೆಯದಾಯಿತು, ಹೊಸದು ತರಿಸಿ’ ಅಂತ ಫೈಲು ವಾಪಸ್ ಬರುತ್ತದೆ. ಹೊಸ ವರದಿ ಹೋಗುವಷ್ಟರಲ್ಲಿ ಅಲ್ಲಿನ ಅಧಿಕಾರಿಗೆ ವರ್ಗವಾಗಿರುತ್ತದೆ. ಹೊಸಬರು ಮೊದಲ ಪುಟದಿಂದ ಓದಬೇಕು.

ಇನ್ನೊಂದು ವಿಷಯ. ಸಾಲ ಕಂತು ಸರಿಯಾಗಿ ಕಟ್ಟುತ್ತಿರುವವರಿಗೆ ಬ್ಯಾಂಕುಗಳು ಸಾಮಾನ್ಯವಾಗಿ ರಾಜಿ ಕೊಡುವುದಿಲ್ಲ. 90 ದಿನ ದಾಟಿ ಬಾಕಿ ಉಳಿದು, ಸಾಲ ಎನ್‌ಪಿಎ (ಕಂತು ಬಾರದೆ ನಿಂತ ಸಾಲ) ಆದ ಮೇಲೆಯೇ ಆ ಮಾತು. ಹಾಗಾಗಿ ಮಾರುವವರು ಕಂತು ಕಟ್ಟುತ್ತಿದ್ದಾರಾ ಇಲ್ಲವಾ ಅಂತ ನೀವು ತಿಳಿಯಲೇಬೇಕು. ಕಟ್ಟುತ್ತಿದ್ದರೆ, 7 ಲಕ್ಷ ಅವರ ಕೈಯಿಂದಲೇ ಬರಬೇಕು. ಕಟ್ಟುತ್ತಿಲ್ಲ ಅಂದರೆ ಕಂದಕ ಆಳವಾಗುತ್ತಾ ಇದೆ. 34 ಲಕ್ಷಕ್ಕೆ ಶೇ. 9 ಬಡ್ಡಿ ಅಂದರೆ ದಿನಕ್ಕೆ ಸುಮಾರು 838 ರೂಪಾಯಿ, ತಿಂಗಳಿಗೆ 25 ಸಾವಿರದ ಹತ್ತಿರ. ಪುತ್ತರಿಯಿಂದ ಕಕ್ಕಡದ ತನಕ ಕಂತು ನಿಂತಿದ್ದರೆ ಬಡ್ಡಿಯೇ 2 ಲಕ್ಷದ ಹತ್ತಿರ ಆಗಿರುತ್ತದೆ. ನೀವು ಕೊಟ್ಟ ಮುಂಗಡದಷ್ಟು! ಆ ಮುಂಗಡ ಬ್ಯಾಂಕಿಗೆ ಹೋಗಿದೆಯಾ, ಮನೆ ಖರ್ಚಿಗೆ ಹೋಗಿದೆಯಾ ಅಂತಲೂ ಕೇಳಿ.

ಈಗ, ಆ 5 ಲಕ್ಷ ಯಾಕೆ ಬೇಡ ಅಂದೆ ಅನ್ನುವುದು. ಮಾಮೂಲಿ ಮನೆಯಲ್ಲಿ ಮುಂಗಡ ಕೊಟ್ಟು ವ್ಯವಹಾರ ಮುರಿದರೂ ಒಂದು ಧೈರ್ಯ ಇರುತ್ತದೆ. 40 ಲಕ್ಷದ ಮನೆ, 10 ಲಕ್ಷ ಸಾಲ. ಬ್ಯಾಂಕಿಗೆ ಕೊಟ್ಟು ಉಳಿದದ್ದರಲ್ಲಿ ನಿಮ್ಮ ಮುಂಗಡ ವಸೂಲಾಗುತ್ತದೆ. ಕೊಂಡವರು ಕೊಟ್ಟ ಮುಂಗಡಕ್ಕೆ ಆಸ್ತಿಯ ಮೇಲೆ ಒಂದು ಹಕ್ಕು ಇರುತ್ತದೆ ಎಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯೇ ಹೇಳುತ್ತದೆ. ಆದರೆ ಬ್ಯಾಂಕಿನ ಅಡಮಾನ ಅದಕ್ಕಿಂತ ಮುಂಚಿನದು. 27 ಲಕ್ಷದ ಮನೆಯಿಂದ ಬ್ಯಾಂಕು 34 ಲಕ್ಷ ತೆಗೆದುಕೊಂಡ ಮೇಲೆ ನಿಮಗೆ ಉಳಿಯುವುದು ಏನು? ಏನೂ ಇಲ್ಲ. ಇಂಥ ಮನೆಗೆ ಕೊಟ್ಟ ಮುಂಗಡ ಆ ಮನುಷ್ಯನ ಮೇಲಿನ ಕೈಸಾಲ ಅಷ್ಟೇ. ಇದನ್ನು ನಿಮ್ಮ ಯಜಮಾನರಿಗೂ ಓದಿ ಹೇಳಿ.

ಹೋಗಿ ಇರುವುದು ಇನ್ನೂ ಅಪಾಯ. ನೋಂದಣಿಯಾಗದ ಕರಾರಿನ ಮೇಲೆ ಮನೆಯೊಳಗೆ ಕೂತವರಿಗೆ 2001ರ ತಿದ್ದುಪಡಿಯ ನಂತರ ಆಸ್ತಿ ವರ್ಗಾವಣೆ ಕಾಯ್ದೆಯ ರಕ್ಷಣೆ ಇಲ್ಲ. ಸ್ವಾಧೀನ ಕೊಟ್ಟ ಕರಾರಿಗೆ ಕರ್ನಾಟಕದಲ್ಲಿ ಕ್ರಯಪತ್ರದಷ್ಟೇ ಸ್ಟಾಂಪ್ ಶುಲ್ಕ. ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿಯನ್ನು ವಶಕ್ಕೆ ತೆಗೆದು ಹರಾಜು ಹಾಕಲು ಬಿಡುವ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು 60 ದಿನಗಳ ನೋಟಿಸ್ ಕೊಟ್ಟಿದ್ದರೆ, ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾರುವವರು ಆ ಮನೆಯನ್ನು ಮಾರುವಂತೆಯೂ ಇಲ್ಲ, ಬಾಡಿಗೆಗೆ ಕೊಡುವಂತೆಯೂ ಇಲ್ಲ. ಸರ್ಫೇಸಿ ಅಂದರೆ ಏನು ಅಂತ ಕೊಡಗಿನ ಕಾಫಿ ಬೆಳೆಗಾರರಿಗೆ ಹೇಳಬೇಕಾಗಿಲ್ಲ, ಆ ಹೆಸರು ಕೇಳಿ ನಿದ್ದೆ ಕೆಟ್ಟ ಮನೆಗಳು ಇಲ್ಲಿ ಎಷ್ಟೋ ಇವೆ. ಆದರೆ ಶಿಕ್ಷಕಿಯಾದ ನಿಮಗೆ ಅದು ಹೊಸದಿರಬಹುದು. ನೀವು ಸಾಮಾನು ಇಳಿಸಿ, ಅಡುಗೆಮನೆಗೆ ಟೈಲ್ಸ್ ಹಾಕಿಸಿ, ಮಕ್ಕಳನ್ನು ಹತ್ತಿರದ ಶಾಲೆಗೆ ಸೇರಿಸಿದ ಮೇಲೆ ಬಾಗಿಲಿಗೆ ಬ್ಯಾಂಕಿನ ನೋಟಿಸ್ ಅಂಟಿಸಿದರೆ ಹೇಗಿರುತ್ತದೆ ಯೋಚಿಸಿ. ಅಂಥ ಒಂದು ಸಂಸಾರವನ್ನು ನಾನು ನೋಡಿದ್ದೇನೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾದರೆ ಏನು ಮಾಡಬೇಕು? ಮನೆ ನಿಮಗೆ ನಿಜವಾಗಿಯೂ ಇಷ್ಟವಾಗಿದ್ದರೆ ಕೈಬಿಡಬೇಕಾಗಿಲ್ಲ. ದಾರಿ ಇದೆ. ಅದು ಕಾಗದದ ದಾರಿ.

ನೀವು, ಮಾರುವವರು ಇಬ್ಬರೂ ಒಟ್ಟಿಗೆ ಶಾಖೆಗೆ ಹೋಗಿ. ಸಾಲಗಾರರ ಸಹಿಯಿಲ್ಲದೆ ಬ್ಯಾಂಕು ನಿಮಗೆ ಏನೂ ಹೇಳುವುದಿಲ್ಲ, ಹೇಳಲೂಬಾರದು. ಅಲ್ಲಿ ಒಂದು ಅರ್ಜಿ ಕೊಡಿ: ಇಷ್ಟು ಬೆಲೆಗೆ ಇಂಥವರು ಕೊಳ್ಳಲು ಸಿದ್ಧ, ಕಡಿಮೆ ಬೀಳುವ ಹಣ ಈ ರೀತಿ ತುಂಬುತ್ತೇವೆ, ಇದಕ್ಕೆ ಒಪ್ಪಿಗೆ ಕೊಡಿ ಅಂತ. ನಕಲಿನ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ‘ಇದನ್ನು ತೀರ್ಮಾನ ಮಾಡುವವರು ಯಾವ ಕಚೇರಿಯಲ್ಲಿದ್ದಾರೆ’ ಅಂತ ಕೇಳಿ ಬರೆದುಕೊಳ್ಳಿ. ಬೆಲೆಗಿಂತ ಸಾಲ ಜಾಸ್ತಿ ಇರುವುದನ್ನು ಬ್ಯಾಂಕಿನವರು ನೆಗೆಟಿವ್ ಈಕ್ವಿಟಿ ಅನ್ನುತ್ತಾರೆ. ಆ ಪದ ಕೇಳಿ ಹೆದರಬೇಡಿ, ಕೊಳ್ಳುವವರು ಕೈಯಲ್ಲಿದ್ದಾರೆ ಅಂದರೆ ಬ್ಯಾಂಕಿಗೂ ಸಮಾಧಾನವೇ. ಹರಾಜು ಹಾಕಿ 22 ಲಕ್ಷಕ್ಕೆ ಕೊಡುವುದಕ್ಕಿಂತ ನಿಮ್ಮ 27 ಲಕ್ಷ ಅವರಿಗೂ ಒಳ್ಳೆಯದು. ಮೇಲಿನವರಿಗೆ ಬರೆಯುವಾಗ ಮ್ಯಾನೇಜರ್ ಈ ಮಾತನ್ನೇ ಬರೆಯಬೇಕು. ಅದಕ್ಕೆ ನಿಮ್ಮ ಲಿಖಿತ ಬೆಲೆ ಬೇಕು.

7 ಲಕ್ಷಕ್ಕೆ ಮಾರುವವರ ಹತ್ತಿರ ಬೇರೆ ಜಾಗ, ಬಂಗಾರ, ವಿಮೆ ಪಾಲಿಸಿ ಇದೆಯಾ? ಇದ್ದರೆ ಬ್ಯಾಂಕು ಉಳಿದ ಸಾಲವನ್ನು ಅದರ ಮೇಲೆ ಕೂರಿಸಿ ಈ ಮನೆಯನ್ನು ಬಿಡಬಹುದು. ನಾನು ಕಂಡ ಹಾಗೆ ಈ ದಾರಿಯೇ ರಾಜಿಗಿಂತ ಬೇಗ ಆಗುತ್ತದೆ, ಏಕೆಂದರೆ ಬ್ಯಾಂಕು ಇಲ್ಲಿ ಏನನ್ನೂ ಕಳೆದುಕೊಳ್ಳುವುದಿಲ್ಲ. ಅವರಿಗೆ ಕಾಫಿ ತೋಟ ಇದ್ದರೆ, ಇತ್ತೀಚಿನ ವರ್ಷಗಳಲ್ಲಿ ಕಾಫಿಗೆ ಒಳ್ಳೆ ಬೆಲೆ ಬಂದಿದೆ. ರೊಬಸ್ಟಾ ಕೊಯ್ಲು ಮುಗಿಯುವ ಫೆಬ್ರವರಿ-ಮಾರ್ಚಿನಲ್ಲಿ ಹಣ ಬರುತ್ತದೆ ಅಂದರೆ ಹಾಗೇ ಬರೆದುಕೊಡಲಿ. ಖಚಿತವಾದ ಮಾರ್ಚ್ ತಿಂಗಳು, ಖಚಿತವಿಲ್ಲದ ಅಕ್ಟೋಬರ್‌ಗಿಂತ ಎಷ್ಟೋ ವಾಸಿ.

ತೋಟದ ಮಾತು ಬಂತು, ಹಾಗಾಗಿ ಒಂದು ಎಚ್ಚರಿಕೆ. ಕೊಡಗಿನಲ್ಲಿ ಒಂದೇ ಬ್ಯಾಂಕಿನಲ್ಲಿ ಮನೆ ಸಾಲವೂ ಇರುತ್ತದೆ, ಬೆಳೆ ಸಾಲವೂ ಇರುತ್ತದೆ. ಎಷ್ಟೋ ಸಲ ಬೆಳೆ ಸಾಲಕ್ಕೂ ಇದೇ ಮನೆಪತ್ರ ಜಾಮೀನಾಗಿರುತ್ತದೆ. ಮನೆ ಸಾಲ ಪೂರ್ತಿ ಕಟ್ಟಿ ಬಂದವರಿಗೆ ‘ತೋಟದ ಸಾಲ ಬಾಕಿ ಇದೆಯಲ್ಲ’ ಅಂತ ಪತ್ರ ತಡೆಹಿಡಿದದ್ದು ಉಂಟು. ತಮ್ಮನ ಸಾಲಕ್ಕೆ ಅಣ್ಣನ ಮನೆ ಜಾಮೀನು ಇದ್ದದ್ದೂ ಉಂಟು. ಹಾಗಾಗಿ ‘ಈ ಮನೆ ಸಾಲ ಎಷ್ಟು’ ಅಂತ ಕೇಳಿದರೆ ಸಾಲದು. ‘ಈ ಪತ್ರಗಳ ಮೇಲೆ ಒಟ್ಟು ಯಾವ ಯಾವ ಸಾಲ ಇದೆ’ ಅಂತ ಕೇಳಿ. ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತದೆ. ಆದರೆ ಪತ್ರ ಒಪ್ಪಿಸಿ ಮಾಡಿದ ಅಡಮಾನ ಕೆಲವು ಸಲ ಇಸಿಯಲ್ಲಿ ಕಾಣುವುದೇ ಇಲ್ಲ. ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲೂ ಹುಡುಕಿಸಿ. ಬ್ಯಾಂಕುಗಳು ಅಡಮಾನವನ್ನು ಅಲ್ಲಿ ದಾಖಲಿಸಬೇಕು.

ಬ್ಯಾಂಕು ಒಪ್ಪಿದರೆ ಕೊಡುವ ಪತ್ರ ಹೇಗಿರಬೇಕು? ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸಾಲದ ಖಾತೆ ಸಂಖ್ಯೆ ಇರಬೇಕು. ಮನೆಯ ಖಾತೆ ಸಂಖ್ಯೆ, ಚೆಕ್ಕುಬಂದಿ (ನಾಲ್ಕು ಕಡೆಯ ಗಡಿ) ಇರಬೇಕು. ‘ಇಂಥ ತಾರೀಖಿನೊಳಗೆ ಇಷ್ಟು ರೂಪಾಯಿ ಈ ಖಾತೆಗೆ ಬಂದರೆ, ಕೆಳಗಿನ ಮೂಲ ಪತ್ರಗಳನ್ನು ಬಿಡುಗಡೆ ಮಾಡಿ ಈ ಆಸ್ತಿಯ ಮೇಲಿನ ನಮ್ಮ ಎಲ್ಲ ಹಕ್ಕನ್ನು ಬಿಡುತ್ತೇವೆ’ ಎಂಬ ಸಾಲು ಇರಬೇಕು. ಕೆಳಗೆ ಪತ್ರಗಳ ಪಟ್ಟಿ. ಆ ದಿನದ ನಂತರ ದಿನಕ್ಕೆ ಎಷ್ಟು ಬಡ್ಡಿ ಸೇರುತ್ತದೆ ಅಂತಲೂ ಇರಬೇಕು. ಬರೀ ‘ಬಾಕಿ ಇಷ್ಟು’ ಅನ್ನುವ ಚೀಟಿ ಹಿಡಿದು ಬಂದರೆ ಒಪ್ಪಬೇಡಿ, ಅದು ಬಿಡುಗಡೆ ಪತ್ರ ಅಲ್ಲ. ಪತ್ರದ ವಾಯಿದೆಯನ್ನೂ ನೋಡಿ. ಬಹಳ ವ್ಯವಹಾರಗಳು ಇಲ್ಲೇ ಮತ್ತೆ ಸಿಕ್ಕಿಹಾಕಿಕೊಳ್ಳುತ್ತವೆ. ಮಾರುವವರ ಬ್ಯಾಂಕಿನ ಪತ್ರಕ್ಕೆ 30 ದಿನ ವಾಯಿದೆ, ನಿಮ್ಮ ಬ್ಯಾಂಕಿನ ಸಾಲ ಮಂಜೂರಾಗಲು 40 ದಿನ. ಅಷ್ಟರಲ್ಲಿ ಇದು ಮುಗಿದುಹೋಗಿರುತ್ತದೆ, ಮತ್ತೆ ಮೇಲಿನ ಕಚೇರಿ. ಆದ್ದರಿಂದ ನಿಮ್ಮ ಸಾಲದ ಅರ್ಜಿಯನ್ನು ಈಗಲೇ ಹಾಕಿ ಮುಕ್ಕಾಲು ಪಾಲು ಮುಗಿಸಿಟ್ಟುಕೊಳ್ಳಿ.

ನಿಮ್ಮ ಬ್ಯಾಂಕಿನ ವಿಷಯದಲ್ಲೂ ಒಂದು ಮಾತು. 30 ಲಕ್ಷದವರೆಗಿನ ಮನೆ ಸಾಲಕ್ಕೆ ಮನೆ ಮೌಲ್ಯದ ಶೇ. 90ರವರೆಗೆ ಕೊಡಬಹುದು ಎಂಬುದು ರಿಸರ್ವ್ ಬ್ಯಾಂಕಿನ ಮಿತಿ. ಆದರೆ ಆ ಮೌಲ್ಯ ನೀವು ಒಪ್ಪಿದ ಬೆಲೆ ಅಲ್ಲದೆಯೂ ಇರಬಹುದು. ಇಳಿಜಾರಿನ ಮನೆಗೆ ಮೌಲ್ಯಮಾಪಕರು 24 ಲಕ್ಷ ಅಂತ ಬರೆದರೆ ಸಾಲ 21 ಲಕ್ಷ 60 ಸಾವಿರಕ್ಕೆ ನಿಲ್ಲುತ್ತದೆ. ಉಳಿದದ್ದು ನಿಮ್ಮ ಕೈಯಿಂದ. ನೋಂದಣಿ ಖರ್ಚು ಬೇರೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರಿಂದ 2ಕ್ಕೆ ಏರಿದೆ, ಸ್ಟಾಂಪ್ ಶುಲ್ಕ ಪ್ರತ್ಯೇಕ. ಇ-ಖಾತೆ (ಆಸ್ತಿಯ ಡಿಜಿಟಲ್ ಖಾತೆ) ಇಲ್ಲದೆ ಈಗ ನೋಂದಣಿ ಆಗುವುದಿಲ್ಲ. ಮನೆ ನಗರಸಭೆ ವ್ಯಾಪ್ತಿಯಲ್ಲಿದೆಯಾ, ಪಂಚಾಯಿತಿಯದಾ ನೋಡಿ, ಮಾರುವವರು ಅದನ್ನು ಈಗಲೇ ಮಾಡಿಸಿಡಲಿ. ಮೇಲೆ ಕಟ್ಟಿದ ಆ ಎರಡು ರೂಮು ಖಾತೆಯಲ್ಲಿ ಸೇರಿದೆಯಾ ಅಂತಲೂ ನೋಡಿ.

ಬೆಲೆ ಇಳಿದ ಜಾಗಗಳಲ್ಲಿ ಯಾರೂ ಹೇಳದ ಇನ್ನೊಂದು ತೊಂದರೆ ಇದೆ. ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ಬೆಲೆ, ಅಂದರೆ ಮಾರ್ಗಸೂಚಿ ಬೆಲೆ, ಮಾರುಕಟ್ಟೆ ಬಿದ್ದ ತಕ್ಷಣ ಬೀಳುವುದಿಲ್ಲ. ಆ ಮನೆಗೆ ಮಾರ್ಗಸೂಚಿ ಬೆಲೆ 36 ಲಕ್ಷ ಇದೆ ಅಂದುಕೊಳ್ಳಿ. ನೀವು 27 ಲಕ್ಷಕ್ಕೆ ಕೊಂಡರೂ ಸ್ಟಾಂಪ್ ಶುಲ್ಕ 36ರ ಮೇಲೆ. ಅಷ್ಟೇ ಅಲ್ಲ, ವ್ಯತ್ಯಾಸ ಶೇ. 10 ದಾಟಿದರೆ ಆ 9 ಲಕ್ಷವನ್ನು ಆದಾಯ ತೆರಿಗೆ ಇಲಾಖೆ ನಿಮ್ಮ ಆ ವರ್ಷದ ಆದಾಯ ಅಂತ ಲೆಕ್ಕ ಹಿಡಿಯಬಹುದು. ಸಂಬಳದ ಜೊತೆ ಅದೂ ಸೇರುತ್ತದೆ. ಬೆಲೆ ನಿಜವಾಗಿಯೇ ಕಡಿಮೆ ಅಂತ ನೀವು ತಕರಾರು ಹಾಕಿದರೆ ಇಲಾಖೆಯ ಮೌಲ್ಯಮಾಪನ ಅಧಿಕಾರಿಗೆ ಕಳಿಸುವ ಅವಕಾಶ ಇದೆ. ಅದಕ್ಕೆ ಬ್ಯಾಂಕಿನ ಮೌಲ್ಯಮಾಪನ ವರದಿ, ಗುಡ್ಡದ, ತಡೆಗೋಡೆಯ ಫೋಟೋ ಎಲ್ಲ ಈಗಲೇ ಇಟ್ಟುಕೊಳ್ಳಿ. ಕರಾರಿಗೆ ಸಹಿ ಹಾಕುವ ಮೊದಲೇ ಮಾರ್ಗಸೂಚಿ ಬೆಲೆ ನೋಡಬೇಕಿತ್ತು, ಇರಲಿ, ಈ ವಾರವೇ ಉಪನೋಂದಣಾಧಿಕಾರಿ ಕಚೇರಿಯಲ್ಲಿ ಕೇಳಿ.

ಕಕ್ಕಡದಲ್ಲಿ ಒಳ್ಳೆ ಕೆಲಸ ಬೇಡ ಅಂತ ಮನೆಯ ಹಿರಿಯರು ಹೇಳುತ್ತಾರೆ. ನೋಂದಣಿಗೆ ಬೇಡ ಅಂದರೆ ಬೇಡ, ಹಿರಿಯರ ಮನಸ್ಸು ನೋಯಿಸುವುದು ಯಾಕೆ. ಆದರೆ ಮನೆ ನೋಡಲು ಕಕ್ಕಡದಂಥ ತಿಂಗಳು ಇನ್ನೊಂದಿಲ್ಲ! ನೀವು ಆ ಮನೆ ನೋಡಿದ್ದು ಪುತ್ತರಿಯ ನಂತರ, ಬಿಸಿಲಿನಲ್ಲಿ. ಈಗ, ಮೂರು ದಿನ ಬಿಡದೆ ಮಳೆ ಸುರಿದ ಮರುದಿನ ಹೋಗಿ. ಮನೆ ಹಿಂದಿನ ಬರೆಯ (ಕಡಿದ ಗುಡ್ಡದ) ತಡೆಗೋಡೆಯಲ್ಲಿ ನೀರು ಹೋಗಲು ತೂತುಗಳು ಇರುತ್ತವೆ. ಅವುಗಳಿಂದ ನೀರು ಬರುತ್ತಿದೆಯಾ ನೋಡಿ. ತಿಳಿ ನೀರು ಬಂದರೆ ಒಳ್ಳೆಯದು. ಕೆಂಪು ಕೆಸರು ಬಂದರೆ ಒಳಗಿನ ಮಣ್ಣು ಜಾರುತ್ತಿದೆ ಅಂತ. ಏನೂ ಬರದೆ ಗೋಡೆ ಉಬ್ಬಿದ್ದರೆ ಅದು ಇನ್ನೂ ಕೆಟ್ಟದ್ದು, ನೀರೆಲ್ಲ ಹಿಂದೆ ಕಟ್ಟಿಕೊಂಡಿರುತ್ತದೆ. ನೆಲಗಟ್ಟಿನ ಹತ್ತಿರ ಹೊಸದಾಗಿ ಒರತೆ ಎದ್ದಿದೆಯಾ ನೋಡಿ. ಒಳಗೆ, ಕಿಟಕಿ ಮೂಲೆಯಿಂದ ಓರೆಯಾಗಿ ಹೋಗುವ ಬಿರುಕಿನ ಎರಡು ತುದಿಗೂ ಪೆನ್ಸಿಲ್‌ನಲ್ಲಿ ಗೆರೆ ಹಾಕಿ ತಾರೀಖು ಬರೆಯಿರಿ. ಹದಿನೈದು ದಿನ ಬಿಟ್ಟು ಹೋದಾಗ ಬಿರುಕು ಗೆರೆ ದಾಟಿದ್ದರೆ, ಬ್ಯಾಂಕು ಒಪ್ಪಿದರೂ ನೀವು ಒಪ್ಪಬೇಡಿ. 2018ರ ಆಗಸ್ಟಿನಲ್ಲಿ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿ ನಗರದಲ್ಲಿ, ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದು ಏನಾಯಿತು ಅಂತ ನೀವೂ ಕಂಡಿದ್ದೀರಿ. ಆವತ್ತು ಮನೆ ಕಳೆದುಕೊಂಡವರಲ್ಲಿ, ಆಮೇಲೂ ಆ ಮನೆಯ ಸಾಲದ ಕಂತು ಕಟ್ಟಬೇಕಾದವರೂ ಇದ್ದರು. ಆ ಭಯವೇ ಈ ಮನೆಯ ಬೆಲೆಯೊಳಗೆ ಕೂತಿದೆ. ಅದು ಬರೀ ಭಯವಾ, ನಿಜವಾ ಅಂತ ಒಬ್ಬ ಎಂಜಿನಿಯರ್ ಕೈಲಿ ನೋಡಿಸಿ. ಆ ಶುಲ್ಕದಲ್ಲಿ ಉಳಿತಾಯ ಬೇಡ.

ಇನ್ನು ಎಷ್ಟು ಕಾಯಬೇಕು? ನನ್ನ ಸಲಹೆ: ಅರ್ಜಿಗೆ ಸೀಲು ಬಿದ್ದ ದಿನದಿಂದ ಮೂರು ತಿಂಗಳು. ಅದನ್ನು ಮಾರುವವರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಬರೆದು ತಿಳಿಸಿ. ಅಷ್ಟರೊಳಗೆ ಬಿಡುಗಡೆ ಪತ್ರ ಬರದಿದ್ದರೆ ಕರಾರು ಮುಗಿಯಿತು, ಮುಂಗಡ ವಾಪಸ್ ಕೊಡಬೇಕು ಅಂತ. ಸಾಲದ ವಿಷಯ ಮುಚ್ಚಿಟ್ಟು ಕರಾರು ಮಾಡಿದ್ದು ಅವರದ್ದೇ ತಪ್ಪು, ಹಕ್ಕಿನಲ್ಲಿರುವ ಕೊರತೆಯನ್ನು ಕೊಳ್ಳುವವರಿಗೆ ಹೇಳುವುದು ಮಾರುವವರ ಹೊಣೆ. ವಕೀಲರ ಖರ್ಚಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಕರಾರು ನಿಮ್ಮ ಹೆಸರಿನಲ್ಲಿದ್ದರೆ ಮಡಿಕೇರಿಯ ನ್ಯಾಯಾಲಯದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಬಾಡಿಗೆ ಮನೆಯವರ ಹತ್ತಿರ ಕೂತು ಮಾತಾಡಿ, ಬೇಕಾದರೆ ಬಾಡಿಗೆ ಸ್ವಲ್ಪ ಜಾಸ್ತಿ ಕೊಟ್ಟು ಮಾರ್ಚ್ ತನಕ ಉಳಿಯಿರಿ. ತಿಂಗಳಿಗೆ ಒಂದೆರಡು ಸಾವಿರ ಜಾಸ್ತಿ ಹೋಗಬಹುದು. 5 ಲಕ್ಷ ಹೋಗುವುದಿಲ್ಲ ಅಲ್ವಾ?

ಪ್ರಶ್ನೆ: ನಾನು ಮಾರುವ ಕಡೆಯವನು. ಕುಶಾಲನಗರದಲ್ಲಿ ಹೊಳೆ ಹತ್ತಿರದ ಬಡಾವಣೆಯಲ್ಲಿ ಮನೆ. 2018, 2019 ಎರಡು ವರ್ಷವೂ ನೀರು ಬಂತು. ಸಾಲ 36 ಲಕ್ಷ ಬಾಕಿ, 30ರ ಮೇಲೆ ಯಾರೂ ಕೇಳುತ್ತಿಲ್ಲ. ಒಂದು ಕಂತೂ ತಪ್ಪಿಸಿಲ್ಲ. ಕೆಲಸ ಮೈಸೂರಿಗೆ ಆಗಿದೆ. ‘ಮೂರು ತಿಂಗಳು ಕಂತು ನಿಲ್ಲಿಸು, ಬ್ಯಾಂಕೇ ಸೆಟ್ಲ್‌ಮೆಂಟಿಗೆ ಕರೆಯುತ್ತದೆ’ ಎಂದು ಗೆಳೆಯರು ಹೇಳುತ್ತಾರೆ. ಸರಿಯಾ?
– ಓದುಗ, ಕುಶಾಲನಗರ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಇಷ್ಟು ವರ್ಷ ಒಂದು ಕಂತೂ ತಪ್ಪಿಸದ ನಿಮಗೆ ಬ್ಯಾಂಕು ಏನೂ ಬಿಡುವುದಿಲ್ಲ, ತಪ್ಪಿಸಿದವರಿಗೆ ಬಿಡುತ್ತದೆ ಅನ್ನುವುದು ಅನ್ಯಾಯವೇ. ನನಗೂ ಅದು ಯಾವತ್ತೂ ಸರಿ ಅನಿಸಿಲ್ಲ. ಆದರೆ ಗೆಳೆಯರು ಹೇಳದೆ ಬಿಟ್ಟದ್ದು ತುಂಬಾ ಇದೆ. ಕಂತು ನಿಂತರೆ ನಿಮ್ಮ ಜಾಮೀನುದಾರರಿಗೂ ನೋಟಿಸ್ ಹೋಗುತ್ತದೆ. ನಿಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ದಾಖಲೆಯಲ್ಲಿ ‘ಸಾಲ ಮುಗಿಯಿತು’ ಅಂತ ಬರುವ ಜಾಗದಲ್ಲಿ ‘ರಾಜಿಯಾಯಿತು’ ಅಂತ ಬರುತ್ತದೆ. ರಾಜಿಯಾದವರಿಗೆ ಕೃಷಿಯೇತರ ಸಾಲದಲ್ಲಿ ಅದೇ ಬ್ಯಾಂಕು ಕನಿಷ್ಠ 12 ತಿಂಗಳು ಹೊಸ ಸಾಲ ಕೊಡುವಂತಿಲ್ಲ, ಬೇರೆಯವರೂ ಹಿಂದೆಮುಂದೆ ನೋಡುತ್ತಾರೆ. ಮೈಸೂರಿನಲ್ಲಿ ಮನೆ ಮಾಡಬೇಕಾದ ನಿಮಗೆ ಅದು ಬೇಕಾ? ಬ್ಯಾಂಕು ರಾಜಿಗೆ ಕರೆಯದೆ ಸೀದಾ ಹರಾಜಿಗೇ ಹೋಗಬಹುದು. ಹರಾಜಿನಲ್ಲಿ ಬಂದದ್ದು ಸಾಲಕ್ಕೆ ಸಾಲದಿದ್ದರೆ ಉಳಿದದ್ದನ್ನು ನಿಮ್ಮಿಂದಲೇ ವಸೂಲಿ ಮಾಡುತ್ತಾರೆ. ನಮ್ಮ ದೇಶದಲ್ಲಿ ಮನೆ ಹೋದರೂ ಸಾಲ ಹೋಗುವುದಿಲ್ಲ.

ಅವಸರ ಇಲ್ಲದಿದ್ದರೆ ಮನೆ ಬಾಡಿಗೆಗೆ ಕೊಡಿ. ಕುಶಾಲನಗರದಲ್ಲಿ ಬಾಡಿಗೆಗೆ ಬರುವವರು ಇದ್ದಾರೆ. ಬಾಡಿಗೆಯನ್ನು ಕಂತಿನ ಮೇಲೆ ಹೆಚ್ಚುವರಿಯಾಗಿ ಅಸಲಿಗೆ ಕಟ್ಟಿ. ಬದಲಾಗುವ ಬಡ್ಡಿಯ ಮನೆ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡ ಇಲ್ಲ. 6 ಲಕ್ಷದ ಅಂತರ ಹೀಗೆಯೇ ಕರಗಬೇಕು. ಮಾರಲೇಬೇಕು ಅಂದರೆ, ಮೇಲೆ ಹೇಳಿದ ಹಾಗೆ ಉಳಿದ ಮೊತ್ತಕ್ಕೆ ಬೇರೆ ಜಾಮೀನು ಕೊಡುತ್ತೇನೆ ಎಂದು ಬರವಣಿಗೆಯಲ್ಲಿ ಕೇಳಿ. ಕೊಳ್ಳಲು ಬಂದವರಿಗೆ ಮೊದಲ ದಿನವೇ ಸಾಲದ ಲೆಕ್ಕ ತೋರಿಸಿ. ಅದರಿಂದ ಅವರು ಓಡಿಹೋಗುತ್ತಾರೆ ಅನ್ನುವ ಭಯ ಬೇಡ. ತಿಂಗಳು ಕಳೆದ ಮೇಲೆ ಗೊತ್ತಾದರೆ ಖಂಡಿತ ಓಡಿಹೋಗುತ್ತಾರೆ. ಅಲ್ಲಿಯ ತನಕ ಮನೆಗೆ ವಿಮೆ ಇದೆಯಾ ನೋಡಿ. 2021ರ ಏಪ್ರಿಲ್‌ನಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಪ್ರವಾಹ, ಭೂಕುಸಿತ ಎರಡೂ ಸೇರಿವೆ. ಕಟ್ಟಡಕ್ಕೆ ಪರಿಹಾರ ಸಿಗುತ್ತದೆ, ಜಾಗಕ್ಕೆ ಇಲ್ಲ.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ಸಾಲ ಇದ್ದ ಮನೆ ಕೊಂಡೆವು. ಸಾಲ ಪೂರ್ತಿ ನಾವೇ ಡಿಡಿ ಮೂಲಕ ಕಟ್ಟಿ ಎರಡು ತಿಂಗಳಾಯಿತು. ‘ಪತ್ರ ಹೆಡ್ಡಾಫೀಸಿನಿಂದ ಬರಬೇಕು’ ಅನ್ನುತ್ತಾರೆ. ಏನು ಮಾಡುವುದು?
– ಓದುಗ, ಶನಿವಾರಸಂತೆ

ಉತ್ತರ: ಸಾಲ ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ತನ್ನ ಕಾರಣದಿಂದ ತಡವಾದರೆ ದಿನಕ್ಕೆ 5,000 ರೂಪಾಯಿಯಂತೆ ಸಾಲಗಾರರಿಗೆ ಪರಿಹಾರ ಕೊಡಬೇಕು. ಇದು ರಿಸರ್ವ್ ಬ್ಯಾಂಕಿನ ಆದೇಶ, 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕಳೆದುಹೋಗಿದ್ದರೆ ದೃಢೀಕೃತ ನಕಲು ತೆಗೆಸಿಕೊಡುವ ಕೆಲಸದಲ್ಲಿ ಬ್ಯಾಂಕು ನೆರವಾಗಬೇಕು, ಖರ್ಚೂ ಅದರದ್ದೇ, ಅದಕ್ಕೆ ಇನ್ನೂ 30 ದಿನ ಸಿಗುತ್ತದೆ. ಪರಿಹಾರ ಕೇಳುವ ಹಕ್ಕು ಸಾಲಗಾರರದ್ದು. ಹಾಗಾಗಿ ನಿಮಗೆ ಮಾರಿದವರ ಸಹಿಯಲ್ಲೇ ಶಾಖೆಗೆ ದೂರು ಕೊಡಿಸಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ, ಅದಕ್ಕೆ ಶುಲ್ಕ ಇಲ್ಲ.

ನೀವು ಬ್ಯಾಂಕಿನ ಹೆಸರು ಬರೆದಿಲ್ಲ. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಾಗಿದ್ದರೂ 30 ದಿನದ ಆದೇಶ ಅನ್ವಯಿಸುತ್ತದೆ. ಆದರೆ ಸಾಲ ನಿಮ್ಮ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ್ದಾಗಿದ್ದರೆ ಅದು ರಿಸರ್ವ್ ಬ್ಯಾಂಕಿನ ಹಿಡಿತದಲ್ಲಿಲ್ಲ. ಆಗ ಸಹಕಾರ ಇಲಾಖೆಯ ಸಹಾಯಕ ನಿಬಂಧಕರಿಗೆ ದೂರು ಕೊಡಿ. ಡಿಡಿಯ ನಕಲು, ಸಾಲ ಮುಗಿದ ತಾರೀಖಿರುವ ಖಾತೆ ವಿವರ, ಪತ್ರಗಳ ಪಟ್ಟಿ, ಈ ಮೂರನ್ನೂ ಜೊತೆಗೆ ಇಡಿ.